ಅಟ್ಟದಲ್ಲಿ ಅತ್ತೆ ಮಾತಾಡಿಸುತ್ತಿದ್ದದ್ದು

“ಬಂದ್ಯಾ? ಕೂತ್ಕೋ. ನಂಗೆ ಕೆಲ್ಸ ಐತೆ,” ಎಂದು ಅತ್ತೆ ಕತ್ತಲು ಅಟ್ಟದಲ್ಲಿ ಯಾರಿಗೋ ಹೇಳುತ್ತಿದ್ದರು. ಏಣಿ ಹತ್ತಿ ಇಣುಕಿದೆ. ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿಗಳ ಮುಂದೆ ಅವರೊಬ್ಬರೇ ಇದ್ದರು.

ಪಕ್ಕದಲ್ಲಿ ಕೂತು ನಾನೂ ಕಾಯಿ ಆರಿಸತೊಡಗಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ತುಳುಕಿದರೆ ಇನ್ನೂ ಒಣಗಲು ಬಿಡಬೇಕು, ಒಣಗಿದ ತಿರುಳು, ಅಂದರೆ ಗಿಟುಕು, ಲೊಟಲೊಟ ಎಂದರೆ ಸುಲಿಯಬಹುದು. ಆದರೆ ಇಪ್ಪತ್ತಾರನೇ ವಯಸ್ಸಿಗೇ ನನ್ನ ಕಿವಿಯೊಳಗೊಂದು ಸಿಳ್ಳೆ ಸೇರಿಕೊಂಡಿತ್ತು. ಆ ವರ್ಷ ಇನ್ನೂ ಜೋರಾಗಿತ್ತು. ವಾಸಿಯಾಗುವುದಿಲ್ಲ, ಒಗ್ಗಿಕೊಳ್ಳಿ ಎಂದಿದ್ದರು ತವರಿನ ಡಾಕ್ಟರು. ಗಂಡನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಸಿಳ್ಳೆಯಲ್ಲಿ ನೀರಿನ ಸದ್ದು ಮುಳುಗಿಹೋಗಿ, ಹಸಿ ಕಾಯೊಂದನ್ನು ಸುಲಿಯುವ ರಾಶಿಗೆ ಎಸೆದೆ.

ಅತ್ತೆ ಅದನ್ನೆತ್ತಿ ಅಲ್ಲಾಡಿಸಿ ನನ್ನನ್ನೇ ದಿಟ್ಟಿಸಿದರು.

“ನಿನ್ ಕಿವೀಲೂ ಕೂಗ್ತೈತೇನೇ? ನಂಗೆ ನಿನ್ ವಯಸ್ನಿಂದ್ಲೂ ಐತೆ ಕಣೇ. ಓಡ್ಸಕ್ಕೆ ಹೋದ್ರೆ ಇನ್ನೂ ಜೋರಾಗ್ತೈತೆ. ಮನೆಗೆ ಬಂದೋರ್ನ ಕೂರ್ಸೋ ಹಂಗೆ ಕೂರ್ಸಿ, ನಿನ್ ಕೆಲ್ಸ ನೋಡ್ಕೋ.”

ಅಂದು ನನಗೆ ಸಮಾಧಾನವಾಯಿತೋ ಭಯವಾಯಿತೋ, ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಒಲೆ ಮುಂದೆ ನಿಂತಿದ್ದಾಗ ಸಿಳ್ಳೆ ಏರುತ್ತಾ ಬಂತು. ಮೊದಲಾಗಿದ್ದರೆ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದೆ. “ಬಂದ್ಯಾ? ಕೂತ್ಕೋ,” ಎಂದೆ. ತಿರುಗಿ ನೋಡಿದರೆ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಖಾಲಿ ಅಡುಗೆಮನೆಯ ಮೂಲೆಮೂಲೆಯನ್ನೂ ನೋಡಿದರು. ಹೊಸ್ತಿಲು ಮಾತ್ರ ದಾಟಲಿಲ್ಲ.