ಹೆಸರು ಹಿಡಿದು ಕರೆದವರು ಮಾತ್ರ

ಸ್ವಲ್ಪ ತಾಳಿ, ಹಿಸ್ಟರಿ ಅಂತ ಸ್ಕ್ರೋಲ್ ಮಾಡ್ಬಿಡಬೇಡಿ. ಇಂಗ್ಲೆಂಡಿನ ಪಾರ್ಲಿಮೆಂಟಿನ ಮೇಲ್ಮನೆ ಹೇಗೆ ಹುಟ್ತು ಅನ್ನೋದ್ರಿಂದ ಶುರು ಮಾಡ್ತೀನಿ, ಆದ್ರೆ ಇದು ಬಂದು ನಿಲ್ಲೋದು ನಮ್ಮ ಅಜ್ಜನ ಹತ್ರ.

ನಾನು ಕಾಲೇಜಲ್ಲಿ ಹಿಸ್ಟರಿ ಓದಿದವಳಲ್ಲ. ಹೇವರ್ಡ್‌ನಲ್ಲಿ ಒಂದು ವೇರ್‌ಹೌಸಲ್ಲಿ ಬೆಳಗಿನ ಶಿಫ್ಟು. ವಾರಕ್ಕೆ ಮೂರು ಮಧ್ಯಾಹ್ನ ಅಜ್ಜನ್ನ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಂದ ಡಯಾಲಿಸಿಸ್‌ಗೆ ಕರ್ಕೊಂಡ್ಹೋಗ್ತಿದ್ದೆ. ನಾಲ್ಕು ಗಂಟೆ ಸುಮ್ನೆ ಕೂತಿರಬೇಕಲ್ಲ, ಲೈಬ್ರರಿ ಪುಸ್ತಕ ಓದ್ತಾ ಓದ್ತಾ ಹುಚ್ಚು ಹಿಡೀತು. ಓದಿದ್ದನ್ನೆಲ್ಲ ಅಜ್ಜನಿಗೆ ಕನ್ನಡದಲ್ಲಿ ಹೇಳ್ತಿದ್ದೆ.

ವಿಷ್ಯ ಏನಂದ್ರೆ, ಮೊದ್ಲು ಮೇಲ್ಮನೆ ಅಂತ ಒಂದು ಇರ್ಲೇ ಇಲ್ಲ. ರಾಜನಿಗೆ ಸಲಹೆನೋ ತೆರಿಗೆನೋ ಬೇಕಾದಾಗ ದೊಡ್ಡ ದೊಡ್ಡ ಜಮೀನ್ದಾರರನ್ನ, ಬಿಷಪ್‌ಗಳನ್ನ ಕರೆಸ್ತಿದ್ದ. ಕರೆಸೋ ರೀತಿಯಲ್ಲೇ ಇದೆ ಎಲ್ಲ. ದೊಡ್ಡವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ. ಚಿಕ್ಕವರಿಗೆ ಅಲ್ಲಿನ ಅಧಿಕಾರಿ ಮೂಲಕ ಒಟ್ಟಿಗೆ ಒಂದು ಸುದ್ದಿ, ಅಷ್ಟೇ. 1215ರಲ್ಲಿ ರಾಜ ಮುದ್ರೆ ಒತ್ತಿಕೊಟ್ಟ ಒಪ್ಪಂದದಲ್ಲೇ ಈ ಭೇದ ಬರೆದಿದೆ. ಬರ್ತಾ ಬರ್ತಾ ಪತ್ರ ಯಾರಿಗೆ ಬರ್ತಿತ್ತೋ ಅವರೇ ಮೇಲ್ಮನೆ ಆದ್ರು. ಅಪ್ಪನಿಗೆ ಬರ್ತಿದ್ದ ಪತ್ರ ಮಗನಿಗೂ ಬರೋಕೆ ಶುರುವಾಯ್ತು.

ನಮ್ಮಜ್ಜ ಧಾರವಾಡದವರು, ಇದನ್ನ ಕೇಳಿ ನಕ್ಕರು. ಅವರ ಸ್ವಂತ ಅಣ್ಣ ಮಗಳ ಮದುವೆಗೆ ಮನೆಗೆ ಬಂದು ಕುಂಕುಮ ಅಕ್ಷತೆ ಕೊಟ್ಟು ಕರೀದೆ, ಪಕ್ಕದ ಮನೆಯವರ ಕೈಲಿ ಹೇಳಿ ಕಳ್ಸಿದ್ರಂತೆ. ಮದುವೆ ಆಗ್ತಿದ್ದಿದ್ದು ಹಿಂದಿನ ಬೀದಿಯಲ್ಲೇ. ಅಜ್ಜ ಹೋಗ್ಲಿಲ್ಲ. "ಬುಂದಿ ಕರಿಯೂ ವಾಸನಿ ನಮ್ಮ ಪಡಸಾಲಿತನಕ ಬರತಿತ್ತವಾ. ಆದ್ರೂ ಹೋಗ್ಲಿಲ್ಲ. ನಿನ್ನ ರಾಜಗ ಇದ್ದಷ್ಟು ಬುದ್ಧಿ ನಮ್ಮಣ್ಣಗ ಇರಲಿಲ್ಲ ನೋಡು."

ಅದೇ ಡಯಾಲಿಸಿಸ್ ಕುರ್ಚಿಯಲ್ಲಿ ಇನ್ನೊಂದು ದಿನ, ಮಷೀನು ನೋಡ್ತಾ, ಬೇರೆ ಮಾತು ಹೇಳಿದ್ರು.

"ನನಗೇನರ ಆದ್ರ ಬಾಯಾಗ ಉಸಿರಿನ ನಳಿಗಿ ಹಾಕಾಕ ಬಿಡಬ್ಯಾಡ. ನಿಮ್ಮಪ್ಪಗ ನಾ ಹೇಳಾಕ ಆಗೂದಿಲ್ಲ, ಅಳ್ತಾನ. ನೀ ಹೇಳು."

ಹೂಂ ಅಂದೆ. ಅಪ್ಪನಿಗೆ ಹೇಳ್ಲಿಲ್ಲ, ಟೈಮಿದೆ ಅಂತ.

ಒಂದು ತಿಂಗಳಾಗಿರ್ಲಿಲ್ಲ, ಸ್ಟ್ರೋಕ್ ಆಯ್ತು. ಆಸ್ಪತ್ರೆಯವರು ಫ್ಯಾಮಿಲಿ ಮೀಟಿಂಗ್ ಅಂದ್ರು. ಫಾರ್ಮಿನಲ್ಲಿದ್ದಿದ್ದು ಅಪ್ಪನ ಹೆಸರು, ವಾಲ್ನಟ್ ಕ್ರೀಕ್‌ನಿಂದ ಬಂದ ದೊಡ್ಡಪ್ಪನ ಹೆಸರು. ನರ್ಸು ಆ ಎರಡು ಹೆಸರು ಓದಿ ಒಳಗೆ ಕರೆದ್ಲು. ನಾನೂ ಎದ್ದೆ. ದೊಡ್ಡಪ್ಪ ಬೈಲಿಲ್ಲ, ಮೆತ್ತಗೇ ಹೇಳಿದ್ರು, "ನೀ ಇಲ್ಲೇ ಕೂಡವಾ, ದೊಡ್ಡವರು ಮಾತಾಡಿ ಬರ್ತೀವಿ."

ಕೂತೆ. ಕರೀತಾರೆ ಅಂತ ಕಾದೆ. ಬಾಗಿಲಲ್ಲಿ ಒಂದು ಉದ್ದನೆ ಗಾಜು ಇತ್ತು, ಅಪ್ಪ ಹೂಂ ಅಂತ ತಲೆ ಆಡಿಸ್ತಿರೋದು ಕಾಣ್ತಿತ್ತು. ಅಜ್ಜನ ಮಾತು ಗೊತ್ತಿದ್ದವಳು ನಾನೊಬ್ಬಳೇ, ನಾನು ಹೊರಗಿದ್ದೆ. ಅವರು ಹೊರಗೆ ಬಂದಾಗ ಒಪ್ಪಿಗೆ ಪತ್ರಕ್ಕೆ ಸೈನ್ ಆಗಿತ್ತು. ಅರ್ಧ ಗಂಟೆಯಲ್ಲಿ ನಳಿಗೆ ಹಾಕಿದ್ರು.

ಹತ್ತೊಂಬತ್ತು ದಿನ. ಅಜ್ಜ ಕಿತ್ಕೋಬಾರದು ಅಂತ ಕೈ ಎರಡನ್ನೂ ಬಟ್ಟೆ ಪಟ್ಟಿಯಲ್ಲಿ ಮಂಚಕ್ಕೆ ಕಟ್ಟಿದ್ರು. ಒಂದೊಂದ್ಸಲ ಕಣ್ಣು ಬಿಟ್ಟು ನನ್ನನ್ನೇ ನೋಡ್ತಿದ್ರು. ಈಗ ಹೇಳಿದ್ರೆ ತೆಗೀರಿ ಅಂದ ಹಾಗಾಗುತ್ತೆ, ನಾನೇ ಕೊಂದ ಹಾಗಾಗುತ್ತೆ ಅಂತ ಹೆದರಿ ಆಗ್ಲೂ ಬಾಯಿ ಬಿಡ್ಲಿಲ್ಲ. ಇಪ್ಪತ್ತನೇ ದಿನ ಬೆಳಗ್ಗೆ ಹೋಗಿಬಿಟ್ರು.

ಹದಿಮೂರನೇ ದಿನದ ಊಟ ಆದ್ಮೇಲೆ, ಪಾತ್ರೆ ಒರೆಸ್ತಾ ಅಪ್ಪನಿಗೆ ಹೇಳಿದೆ. ಅಪ್ಪ ಟವೆಲ್ ಕೆಳಗಿಟ್ರು.

"ಅವತ್ತ ಯಾಕ ಹೇಳಲಿಲ್ಲ?"

"ನೀವು ಕರೀಲಿಲ್ಲ ಅಪ್ಪ."

"ಬಾಗಲಾ ಚಿಲಕ ಹಾಕಿರಲಿಲ್ಲಲ್ಲ."

ಅಷ್ಟಂದು ಬಾಲ್ಕನಿಗೆ ಹೋದ್ರು.

ಆಮೇಲೆ ಆ ಲೈಬ್ರರಿ ಪುಸ್ತಕ ಪೂರ್ತಿ ಓದಿದೆ. ಹೆಸರು ಹಿಡಿದು ಪತ್ರ ಬರದ ಆ ಚಿಕ್ಕವರಿದ್ರಲ್ಲ, ಕೆಳಮನೆಯವರು, ಅವರು ಮೇಲ್ಮನೆ ಬಾಗಿಲ ಹತ್ರ ಬಂದು ಅಡ್ಡ ಹಾಕಿದ್ದ ಕಟಕಟೆಯ ಈಚೆ ನಿಂತ್ಕೋತಿದ್ರು. ಕುರ್ಚಿ ಇಲ್ಲ. ತಮ್ಮಲ್ಲೇ ಒಬ್ಬನ್ನ ಆರಿಸಿ ಮುಂದೆ ಬಿಡ್ತಿದ್ರು, ಅವನು ಹೇಳ್ಬೇಕಾದ್ದನ್ನ ಹೇಳ್ತಿದ್ದ. ನನ್ನನ್ನ ಅಜ್ಜ ಆರಿಸಿದ್ರು, ಆಸ್ಪತ್ರೆಯ ಆ ಬಾಗಿಲ ತನಕನೂ ಹೋಗ್ಲಿಲ್ಲ ನಾನು.

ನಿಮ್ಮ ಮನೆಯಲ್ಲೂ ದೊಡ್ಡವರು ಒಳಗೆ ಕೂತು ನಿರ್ಧಾರ ಮಾಡುವಾಗ, ಗೊತ್ತಿದ್ದ ಮಾತು ಬಾಯಲ್ಲಿಟ್ಕೊಂಡು ಹೊರಗೆ ಕೂತಿದ್ರಾ? ಒಳಗೆ ಹೋದ್ರಾ? ಹೋದವರು ಏನಂತ ಶುರು ಮಾಡಿದ್ರಿ ಅನ್ನೋದನ್ನ ಕೆಳಗೆ ಬರೀರಿ. ನನಗೆ ನಿಜವಾಗ್ಲೂ ತಿಳ್ಕೋಬೇಕು.