ದೊಡ್ಡವ್ವನಿಗೆ ನಾನು ತಂಗಿಯಾದದ್ದು

ಆಕೆಯ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಮಗ್ಗದ ಲಾಳಿ ಬಡಿದ ಉಗುರು ಹಾಗೆ ಬೆಳೆಯುತ್ತದೆಂದು ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಡಿಗೆ ಮನೆಯ ಕೀಲಿ ಕೊಡಲು ಆಕೆ ಕೈ ಚಾಚಿದಾಗ, ಮುಖಕ್ಕಿಂತ ಮೊದಲು ನಾನು ನೋಡಿದ್ದು ಆ ಉಗುರನ್ನು.

ಟರ್ಕಿ ದೇಶದ ಡೆನಿಜ್ಲಿ ಎಂಬ ಊರಿಗೆ ನಾವು ಹೋದದ್ದು ನನ್ನ ಗಂಡನ ಕೆಲಸಕ್ಕಾಗಿ. ಟವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ಯಂತ್ರಮಗ್ಗಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಓಣಿಯವರೆಲ್ಲ ನಾವು ಭಾರಿ ಫಾರಿನ್ನಿಗೆ ಹೊರಟೆವೆಂದುಕೊಂಡಿದ್ದರು. ಹೋಗಿ ನೋಡಿದರೆ ನಮ್ಮ ಹುಬ್ಬಳ್ಳಿಯಂಥದೇ ಊರು. ಸೋವಿಯ ಊರು ಕೂಡ. ಇಸ್ತಾಂಬುಲಿನಲ್ಲಿ ಒಂದು ಖೋಲಿಗೆ ಆಗುವ ಬಾಡಿಗೆಯಲ್ಲಿ ಇಲ್ಲಿ ಮೂರು ಖೋಲಿ, ಬಿಸಿಲು ಬೀಳುವ ಅಡುಗೆಮನೆ, ಕಿಟಕಿಯಾಚೆ ಹಿಮ ಹೊತ್ತ ಗುಡ್ಡ ಸಿಕ್ಕವು. ವಾರದ ಸಂತೆಗೆ ಹೋದರೆ ಬದನೆಕಾಯಿ, ಮೆಣಸಿನಕಾಯಿ ಚೀಲ ತುಂಬಿ ಬರುತ್ತಿದ್ದವು. ಬಿಳಿಜೋಳದ ಹಿಟ್ಟು ಮಾತ್ರ ಸಿಗಲಿಲ್ಲ. ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಮೂರು ಸಲ ಮುರಿದು, ನಾಲ್ಕನೆಯ ಸಲಕ್ಕೆ ಜೋರಾಗಿ ಅತ್ತುಬಿಟ್ಟೆ.

ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ, ಆ ಸೀಳು ಉಗುರಿನಾಕೆ, ಮೆಟ್ಟಿಲೇರಿ ಬಂದದ್ದು ಆಗ. ಹಿಟ್ಟು ನೋಡಿದಳು, ನನ್ನ ಮುಖ ನೋಡಿದಳು, ಅಂಗಿಯ ತೋಳು ಮಡಚಿ ಹಿಟ್ಟಿಗೆ ಕುದಿನೀರು ಹಾಕಿ ನಾದತೊಡಗಿದಳು. ಬೆಂದದ್ದು ನಮ್ಮ ರೊಟ್ಟಿಯಲ್ಲ. ಆದರೂ ಇಬ್ಬರೂ ಕುಳಿತು ತಿಂದೆವು.

ಅಲ್ಲಿ ಹಿರಿಯ ಹೆಂಗಸರನ್ನು ತಾಯಿಯ ಅಕ್ಕತಂಗಿಯರ ಹಾಗೆ ಕರೆಯುತ್ತಾರೆ. ನಾನು ಅದನ್ನು ‘ದೊಡ್ಡವ್ವ’ ಮಾಡಿಕೊಂಡೆ. ಆಕೆ ಆ ಹೆಸರಿಗೆ ಓ ಎನ್ನುವುದನ್ನು ಕಲಿತಳು. ನನಗೆ ಟರ್ಕಿ ಭಾಷೆ ಬಂದದ್ದು ಆಕೆಯಿಂದಲೇ. ಈಗ ಆಕೆಯ ಮಾತು ನೆನೆದರೆ ನನ್ನ ಕಿವಿಯಲ್ಲಿ ಬೆಟಗೇರಿಯ ಮಾತಾಗಿಯೇ ಕೇಳುತ್ತದೆ. ಹಾಗೆಯೇ ಬರೆಯುತ್ತೇನೆ.

ಯಾವ ಬಟ್ಟೆ ಕಂಡರೂ ಎರಡು ಬೆರಳಲ್ಲಿ ಉಜ್ಜಿ ನೋಡುವುದು ಆಕೆಯ ರೂಢಿ. ನನ್ನ ಇಳಕಲ್ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಎಳೆ ಎಣಿಸಿದ್ದಳು. ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಇಜ್ಮಿರಿನಲ್ಲಿದ್ದ. “ಬಾಗಲಿಗೆ ಬಂದವರು ದೇವರು ಕಳಿಸಿದ ಮಂದಿ” ಎನ್ನುತ್ತಿದ್ದಳು. ನಮ್ಮ ವಾಸದ ಪರವಾನಗಿ ತಡವಾದಾಗ ನನ್ನೊಡನೆ ಕಚೇರಿಗೆ ಬಂದು, “ಈಕಿ ನನ್ನ ಮಗಳಿದ್ದಂಗ. ನನ್ನ ಮನ್ಯಾಗ ಇರ್ತಾಳ, ಬರಕೋರಿ” ಎಂದು ಮೇಜಿನ ಮುಂದೆ ಅರ್ಧ ದಿನ ನಿಂತಳು.

ಮೂರನೆಯ ಚಳಿಗಾಲದಲ್ಲಿ ಆಕೆಯ ನೆನಪು ಜಾರತೊಡಗಿತು. ಬೆಳಿಗ್ಗೆ ಕೊಟ್ಟುಹೋದ ತಿಂಡಿಯನ್ನೇ ಮತ್ತೊಂದು ತಾಟಿನಲ್ಲಿ ತರುತ್ತಿದ್ದಳು. ಒಂದು ದಿನ ನಾನು ಚಾದರ ಮಡಚುತ್ತಿದ್ದಾಗ ಬಂದು ಮುಂಗೈ ಹಿಡಿದಳು.

“ಯಾವಾಗ ಬಂದಿ, ತಂಗಿ?”

ಅಕ್ಕರೆಯ ಮಾತೆಂದುಕೊಂಡೆ. ಆಕೆ ತನ್ನ ಹಳೆಯ ಹಳ್ಳಿಮಾತಿನಲ್ಲಿ ಬಡಬಡ ಏನೋ ಹೇಳಿದಳು, ಅತ್ತಳು, ಕೊನೆಗೆ ಏನೋ ಕೇಳಿ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಅರ್ಥವಾಗದಿದ್ದರೂ ಸಮಾಧಾನಕ್ಕೆಂದು, “ಆತು ದೊಡ್ಡವ್ವ, ಆತು” ಎಂದೆ. ಆಕೆ ನನ್ನ ಅಂಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡು ಅಲ್ಲಿಯೇ ಕುಳಿತು ನಿದ್ದೆಹೋದಳು.

ಮರುದಿನ ಮತ್ತೆ ಬಂದಳು. ಮತ್ತೆ ಅದೇ ಮಾತು, ಅದೇ ಅನುಕ್ರಮದಲ್ಲಿ. ದಿನವೂ ಕೇಳುತ್ತ, ಗೊತ್ತಿಲ್ಲದ ಪದಗಳನ್ನು ಒಂದೊಂದಾಗಿ ಹುಡುಕಿ ತಿಳಿಯುತ್ತ, ತಿಂಗಳೊಳಗೆ ನನಗೆ ಎಲ್ಲವೂ ಅರ್ಥವಾಯಿತು.

ಆಕೆಗೊಬ್ಬಳು ತಂಗಿಯಿದ್ದಳು. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಎರಡು ವರ್ಷದ ಹೆಣ್ಣುಮಗುವನ್ನು ಅಕ್ಕನ ಕೈಗೆ ಕೊಟ್ಟು ಜರ್ಮನಿಯ ಕಾರ್ಖಾನೆಗೆ ದುಡಿಯಲು ಹೋಗಿದ್ದಳು.

“ತಿಂಗಳಿಗೊಂದು ಪತ್ರ ಬರೀತಿದ್ದೆ, ತಂಗಿ. ಪತ್ರದಾಗ ಕೂಸಿನ ಎತ್ತರ ಅಳದು ಒಂದು ನೂಲಿನ ಎಳಿ ಇಡತಿದ್ದೆ. ಹತ್ತಿ ಬಿಡಸೂ ಕಾಲದಾಗ, ಗುರುವಾರ ಮಧ್ಯಾಹ್ನ, ಜ್ವರದಾಗ ಕೂಸು ಹೋತು. ನಿನಗ ಹ್ಯಾಂಗ ಬರೀಲಿ? ಮುಂದಿನ ತಿಂಗಳ ಮತ್ತ ಎಳಿ ಇಟ್ಟೆ. ಗೋದಿ ಕಾಳಿನಷ್ಟು ಉದ್ದ ಮಾಡಿ ಇಟ್ಟೆ. ಅದರ ಮುಂದಿನ ತಿಂಗಳ ಮತ್ತೊಂದು ಕಾಳಿನಷ್ಟು. ಎಂಟು ತಿಂಗಳ ಇಲ್ಲದ ಕೂಸನ್ನ ಬೆಳಸಿದೆ. ನೀ ಆ ಅಳತಿಗೆ ಕೋಟು ಹೊಲಿಸಿಕೊಂಡು ಬಂದಿ. ಹೊಟ್ಟ್ಯಾಗ ಹಾಕ್ಕೋ ತಂಗಿ. ಹಾಕ್ಕೋತೀ?”

ಇದಕ್ಕೆ ನಾನು ತಿಂಗಳಿಡೀ ‘ಆತು’ ಎಂದಿದ್ದೆ.

ಗಂಡನಿಗೆ ಹೇಳಿದೆ. “ನಮಗ ಸಂಬಂಧ ಇಲ್ಲದ್ದು. ಇನ್ನ ಮ್ಯಾಲೆ ಸುಮ್ನಿರು” ಎಂದರು. ಬೆಟಗೇರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಮುದುಕಿ ಜೀವ ಹಗುರ ಆಗತೈತಿ ಅಂದ್ರ ಹೂಂ ಅನ್ನವಾ” ಎಂದಳು.

ಒಂದು ದಿನ ಸುಮ್ಮನಿದ್ದು ನೋಡಿದೆ. ಆಕೆ ಸಂಜೆಯವರೆಗೆ ಊಟ ಮುಟ್ಟದೆ ನನ್ನ ಬಾಗಿಲಲ್ಲಿ ಕುಳಿತಳು. ಅಂದಿನಿಂದ ಅರಿತೇ ‘ಆತು’ ಎಂದೆ. ಹೇಳಿದಷ್ಟೂ ಆ ಕೂಸು ನಮ್ಮ ಮನೆಯಲ್ಲಿ ಬೆಳೆಯತೊಡಗಿತು. ಮೆಟ್ಟಿಲಲ್ಲಿ ಆಕೆಯ ಹೆಜ್ಜೆ ಕೇಳಿದರೆ ಅದರ ಹಿಂದೆ ಇನ್ನೊಂದು ಸಣ್ಣ ಹೆಜ್ಜೆಗೆ ಕಿವಿಗೊಡುತ್ತಿದ್ದೆ. ಸೋಫಾದಲ್ಲಿ ಆಕೆಯ ಪಕ್ಕಕ್ಕೆ ಕುಳಿತುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಅಲ್ಲಿ ಜಾಗ ಬಿಟ್ಟು ಈಚೆ ಕುಳಿತುಕೊಳ್ಳುತ್ತಿದ್ದೆ.

ವಸಂತದಲ್ಲಿ ದೊಡ್ಡವ್ವನ ನಿಜವಾದ ತಂಗಿ ಬಂದರು. ಅಕ್ಕನ ಸ್ಥಿತಿಯನ್ನು ಮಗ ಫೋನಿನಲ್ಲಿ ತಿಳಿಸಿದ್ದನಂತೆ. ಗಿಡ್ಡಗೆ ಕತ್ತರಿಸಿದ ಬಿಳಿಗೂದಲು, ಕೈಯಲ್ಲಿ ಒಂದೇ ಚೀಲ. ಐವತ್ತು ವರ್ಷದ ಮೇಲೆ ಆ ಬಾಗಿಲಲ್ಲಿ ನಿಂತಿದ್ದರು. ನಾನು ದೊಡ್ಡವ್ವನ ಜೊತೆ ಒಳಗಿದ್ದೆ.

ದೊಡ್ಡವ್ವ ಅವರನ್ನು ನೋಡಿ ನನ್ನ ಕಡೆ ತಿರುಗಿದಳು. “ಯಾರಿವರು, ತಂಗಿ? ಕುಂಡ್ರಿ ಅನ್ನು. ಚಾ ಕೊಡು.” ಆಮೇಲೆ ಬಂದವರಿಗೆ ನನ್ನನ್ನು ತೋರಿಸಿ ಹೇಳಿದಳು: “ಈಕಿ ನನ್ನ ತಂಗಿ. ಜರ್ಮನಿಯಿಂದ ಬಂದಾಳ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಾಳ.”

ಅವರು ಚಹಾ ಪೂರ್ತಿ ಕುಡಿದು, ಗ್ಲಾಸನ್ನು ಸದ್ದಿಲ್ಲದೆ ಇಟ್ಟರು. ಸಂಜೆ ನಮ್ಮ ಮನೆಗೆ ಹತ್ತಿ ಬಂದರು.

“ಎಷ್ಟು ಸಲ ಕೇಳಿದ್ಲು?”

“ದಿನಾ ಕೇಳ್ತಾರ್ರಿ.”

“ನೀ ದಿನಾ ಹೂಂ ಅಂದಿ.”

“ಹೂಂ ಅಂದೀನ್ರಿ.”

“ಈ ಮಾತ ಕೇಳಾಕ ಐವತ್ತ ವರ್ಷ ಕಾದೀನಿ. ಹೂಂ ಅನ್ನಾಕ ಬಂದಿದ್ನೋ, ಇಲ್ಲ ಅನ್ನಾಕ ಬಂದಿದ್ನೋ, ನನಗ ಇನ್ನೂ ಗೊತ್ತಿಲ್ಲ. ನನ್ನ ಕೂಸಿನ ಸಲುವಾಗಿ ಹೂಂ ಅನ್ನಾಕ ನೀ ಯಾರು?”

“ತಪ್ಪಾತ್ರಿ” ಎಂದೆ.

ಅವರು ಕುರ್ಚಿ ಎಳೆದು ಕುಳಿತು, “ಆಕಿ ಹ್ಯಾಂಗ ಹೇಳಿದ್ಲು, ಹಂಗ ಹೇಳು” ಎಂದರು. ಕೇಳಿ ಕೇಳಿ ನನಗದು ಬಾಯಿಪಾಠವಾಗಿತ್ತು. ಹೇಳತೊಡಗಿದೆ. ಗುರುವಾರ ಎಂದಾಗ ಅವರು ಕೈಯೆತ್ತಿ ತಡೆದರು.

“ಗುರುವಾರ ಅಂದ್ಲೇನು?”

ಅವರಿಗೆ ಗೊತ್ತಿರಲಿಲ್ಲ. ಸುದ್ದಿ ಕೇಳಿದ ಗಳಿಗೆಯೇ ಕೋಟನ್ನು ಹೊಸ್ತಿಲಲ್ಲಿ ಬಿಸಾಕಿ ಹೊರಟುಹೋದವರು, ಮಗು ಯಾವ ದಿನ ಸತ್ತಿತೆಂದು ಯಾರನ್ನೂ ಕೇಳಿರಲಿಲ್ಲ.

“ಗುರುವಾರ ಮಧ್ಯಾಹ್ನ ನನಗ ಸೂಟಿ ಇರ್ತಿತ್ತು” ಎಂದರು. “ಕುಂತು ಅಕ್ಕಗ ಪತ್ರ ಬರೀತಿದ್ದೆ.”

ಮೂರು ದಿನ ಇದ್ದರು. ಹೊರಡುವ ಮುಂಜಾನೆ ಅಕ್ಕನ ತಲೆ ಬಾಚಿದರು. ಯಾರೋ ಪರಸ್ಥಳದವರೆಂದೇ ತಿಳಿದಿದ್ದ ದೊಡ್ಡವ್ವ, “ದೇವರು ನಿಮ್ಮ ಮಕ್ಕಳನ್ನ ಚೊಲೊ ಇಡ್ಲಿರಿ” ಎಂದು ಹರಸಿದಳು. ಕೂದಲಲ್ಲಿ ಬಾಚಣಿಗೆ ಒಂದು ಕ್ಷಣ ನಿಂತಿತು. ಮತ್ತೆ ಬಾಚಿದರು.

ಆ ವರ್ಷವೇ ಗಂಡನ ಕರಾರು ಮುಗಿದು ನಾವು ಬೆಟಗೇರಿಗೆ ಮರಳಿದೆವು. ಹೊರಟಾಗ ದೊಡ್ಡವ್ವ ಕಾರಿನ ಹಿಂದೆ ನೀರು ಚೆಲ್ಲಿದಳು. ಹೋದವರು ನೀರು ಹರಿದಷ್ಟು ಸರಾಗವಾಗಿ ಹೋಗಿ ಬರಲೆಂದು ಅಲ್ಲಿ ಹಾಗೆ ಮಾಡುತ್ತಾರೆ. ಚಳಿಗಾಲ ಮುಗಿಯುವ ಮೊದಲೇ ಆಕೆ ತೀರಿಕೊಂಡಳು. ‘ತಂಗಿ ಜರ್ಮನಿಗೆ ಹೋಗಿದ್ದಾಳೆ, ಬರುತ್ತಾಳೆ’ ಎಂದು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳೆಂದು ಮಗ ಬರೆದಿದ್ದ. ಶಿರಹಟ್ಟಿಗೆ ಹೊರಟ ಬಸ್ಸಿನಲ್ಲಿ ಅದನ್ನು ಓದಿ, ಇಳಿಯುವ ಸ್ಟಾಪು ದಾಟಿ ಹೋಗಿದ್ದೆ. ಪರದೇಶದಲ್ಲಿ ನನಗೆ ಮಾತು ಕೊಟ್ಟವಳು ಆಕೆ. ಆ ಮಾತಿನಿಂದ ನಾನು ಮಾಡಿದ್ದು ಪುಣ್ಯವೋ ಪಾಪವೋ ಇಂದಿಗೂ ತಿಳಿಯದು.

ಗದಗಿನ ಸುತ್ತ ಹತ್ತಿ ಬಿಡಿಸುವ ಕಾಲಕ್ಕೆ ಪ್ರತಿವರ್ಷ ಒಂದು ಗುರುವಾರ ಮಧ್ಯಾಹ್ನ ಜರ್ಮನಿಯಿಂದ ಫೋನ್ ಬರುತ್ತದೆ. ಕ್ಷೇಮಸಮಾಚಾರವಿಲ್ಲ. “ಹೇಳು” ಎನ್ನುತ್ತಾರೆ. ನಾನು ಮಾಳಿಗೆ ಏರಿ ನಿಂತು, ಸತ್ತವಳ ಮಾತನ್ನು ಅವಳ ಭಾಷೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳುತ್ತೀಯಾ ಎಂದು ಕೇಳಿ ನಿಲ್ಲಿಸುತ್ತೇನೆ. ಮೊದಲ ಎರಡು ವರ್ಷ ಏನೂ ಹೇಳದೆ ಫೋನ್ ಇಟ್ಟಿದ್ದರು.

ಹೋದ ವರ್ಷ ಮಾತಾಡಿದರು.

“ಇನ್ನೂ ಆಗವಲ್ದು” ಎಂದರು. “ಬರೂ ವರ್ಷ ಮತ್ತ ಕೇಳತೀನಿ.”