ಗೋಡೆ ನೋಡುತ್ತಿದ್ದ ದನಗಳು

ಚಳ್ಳಕೆರೆಯಲ್ಲಿ ಹಿಂಡಿ-ಬೂಸದ ಅಂಗಡಿ ಇಟ್ಟುಕೊಂಡಿದ್ದ ನಾನು ಓಡಲು ಶುರುಮಾಡಿದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಡಾಕ್ಟರು ನಡೆಯಿರಿ ಎಂದಷ್ಟೇ ಹೇಳಿದ್ದರು. ನಡೆಯುವುದು ಮುದುಕರ ಕೆಲಸ ಎಂಬ ಜಂಬದಲ್ಲಿ ನಾನು ಓಡಿದೆ. ಮೊದಲ ವಾರ ಬೀದಿನಾಯಿಗಳು ಕಳ್ಳನೆಂದು ಅಟ್ಟಿಸಿಕೊಂಡು ಬಂದವು. ಎರಡನೇ ವಾರ ಹೊಸ ಬೂಟು ಹಿಮ್ಮಡಿಯ ಚರ್ಮ ಕಿತ್ತಿತು. ಮೂರನೇ ವಾರ ಎಣ್ಣೆ ಮಿಲ್ಲಿನ ಮುಂದೆ ಜಾರಿ, ಗಿರಾಕಿಗಳ ಕಣ್ಣೆದುರೇ ಅಂಗಾತ ಬಿದ್ದೆ. ಇನ್ನು ಯಾರೂ ನೋಡದ ಕಡೆ ಓಡಬೇಕೆಂದು ಬೆಳಗಾಗುತ್ತಲೇ ಬೈಕು ಹತ್ತಿ ದನ ಮೇಯುವ ಬಯಲಾದ ಉಳ್ಳಾರ್ತಿ ಕಾವಲಿಗೆ ಹೋಗತೊಡಗಿದೆ.

ಅಲ್ಲಿ ಒಬ್ಬ ಮುದುಕ ಕಿಲಾರಿ ಇದ್ದ. ಕಿಲಾರಿ ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಗಳನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ದನ ಕೂಡುವ ರೊಪ್ಪದ ಬಾಯಿಗೆ ಇಟ್ಟ ಮುಳ್ಳು ಸರಿಸಿ ಅವನೊಂದು ಕೂಗು ಹಾಕುತ್ತಿದ್ದ. ಮಾತಿಲ್ಲದ ಕೂಗು, ಎರಡು ಗಿಡ್ಡ, ಒಂದು ಉದ್ದ. ಉದ್ದನೆಯದು ಮೇಲೇರಿ ತಟ್ಟನೆ ನಿಂತುಬಿಡುತ್ತಿತ್ತು. ಇಡೀ ಹಿಂಡು ಅವನ ಬೆನ್ನ ಹಿಂದೆ ನಡೆಯುತ್ತಿತ್ತು. ಎರಡು ಗಿಡ್ಡ ಉಸಿರು, ಒಂದು ಉದ್ದ ಉಸಿರು ಎಂದು ನಾನೂ ಅದನ್ನೇ ಹಿಡಿದು ಓಡಿದೆ. ಎದೆ ಬಡಿತ ಹದಕ್ಕೆ ಬಂತು. ನಮ್ಮಿಬ್ಬರ ನಡುವೆ ಮಾತು ಕಡಿಮೆ, ಅವನು ಕೋಲೆತ್ತುತ್ತಿದ್ದ, ನಾನು ಕೈಯೆತ್ತುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಮೂರೇ ದಿನದ ಜ್ವರಕ್ಕೆ ಅವನು ತೀರಿಕೊಂಡ. ನನ್ನ ಬಾಯಲ್ಲಿ ಕೂಗು ಉಳಿಯಿತು. ಮೊದಲು ಉಸಿರಿನಲ್ಲೇ ಗುನುಗುತ್ತಿದ್ದವನು, ಕೇಳುವವರು ಯಾರಿದ್ದಾರೆ ಎಂದು ಗಂಟಲು ಬಿಟ್ಟೇ ಕೂಗತೊಡಗಿದೆ. ನನಗೇ ಆಶ್ಚರ್ಯವಾಗುವಷ್ಟು ಅದು ಮುದುಕನ ದನಿಯ ಹಾಗಿತ್ತು.

ಚಳಿಗಾಲ ಹಿಡಿಯುವ ಹೊತ್ತಿಗೆ ಓಟದ ಹುಚ್ಚಿನವರೆಲ್ಲ ಸೇರಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ರಿಲೇ ಓಟ ಇಟ್ಟುಕೊಂಡರು. ಹೆದ್ದಾರಿ ಬಿಟ್ಟು ಕಾವಲಿನ ಸುತ್ತುದಾರಿ. ತಂಡಕ್ಕೆ ನಾಲ್ವರು, ಕೈಗೆ ಕಟ್ಟಿಕೊಳ್ಳುವ ಕೆಂಪು ಪಟ್ಟಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ನಮ್ಮ ತಂಡದಲ್ಲಿ ಮೊದಲು ಕಾಲೇಜಿನ ಗುಮಾಸ್ತರೊಬ್ಬರು, ಆಮೇಲೆ ನಾನು, ಮೂರನೆಯವನು ತೀರಿಕೊಂಡ ಕಿಲಾರಿಯ ಮಗ, ಕೊನೆಗೆ ಮೊಳಕಾಲ್ಮೂರಿನ ರೇಷ್ಮೆ ನೇಕಾರ. ನಮ್ಮೆಲ್ಲರಲ್ಲಿ ನಿಜವಾದ ಓಟಗಾರ ಅಂದರೆ ಕಿಲಾರಿಯ ಮಗನೊಬ್ಬನೇ. ಪೇಟೆಯ ಮೈದಾನದಲ್ಲಿ ಸಂಜೆ ಪಟ್ಟಿ ದಾಟಿಸುವ ಅಭ್ಯಾಸ ಮಾಡುವಾಗ ನಾನು ಎರಡು ಸಲ ಅವನ ಹಿಮ್ಮಡಿ ತುಳಿದು ಕೆಡವಿದೆ. ಬೇರೆಯವರಾಗಿದ್ದರೆ ನನ್ನನ್ನು ತಂಡದಿಂದ ಅಟ್ಟುತ್ತಿದ್ದರು. ಅವನು ಮಣ್ಣು ಕೊಡವಿಕೊಂಡು ನಕ್ಕ.

ಅವನ ನಗು ಮೇಲುಮೇಲಿನದು ಎಂದು ನಿಧಾನವಾಗಿ ತಿಳಿಯಿತು. ಅಪ್ಪ ಸತ್ತ ಮೇಲೆ ದನಗಳು ಅವನ ಹಿಂದೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ರೊಪ್ಪ ಬಿಚ್ಚಿ ಹುಲ್ಲಿಗೆ ಬಿಟ್ಟು, ಇವನು ಹೆದ್ದಾರಿಯ ಕಡೆ ಓಡಿ ವಾಪಸು ಬರುವಷ್ಟರಲ್ಲಿ ಅವು ಮೇಯುವುದು ಬಿಟ್ಟು ಎಲ್ಲೋ ನಿಂತಿರುತ್ತಿದ್ದವಂತೆ. ಕರೆದರೆ ತಿರುಗಿಯೂ ನೋಡುವುದಿಲ್ಲ. ಸಂಕ್ರಾಂತಿಯೊಳಗೆ ದನ ಇವನ ಮಾತು ಕೇಳದಿದ್ದರೆ ಹಿಂಡನ್ನು ಬೇರೆ ಮನೆಗೆ ಒಪ್ಪಿಸುವುದು ಎಂದು ಅವರ ಕುಲದ ಹಿರಿಯರು ಹೇಳಿದ್ದರು. ತಲೆಮಾರುಗಳಿಂದ ಕಾದ ಮನೆಯದು. ತಾನು ಓಟದ ಚಟಕ್ಕೆ ಬಿದ್ದದ್ದಕ್ಕೇ ದೇವರು ಮುನಿದಿದೆ ಎಂದು ಅವನು ನಂಬಿದ್ದ. ದೇವರಿಗೂ ಓಟಕ್ಕೂ ಸಂಬಂಧವಿಲ್ಲ, ತಾಳ್ಮೆಯಿರಲಿ ಎಂದು ನಾನು ದೊಡ್ಡ ಮನುಷ್ಯನಂತೆ ಬುದ್ಧಿ ಹೇಳಿ ಕಳಿಸಿದೆ.

ಆ ದನಗಳನ್ನು ನಾನು ದಿನಾ ನೋಡುತ್ತಿದ್ದೆ. ಕುದಾಪುರದ ಕಡೆ ಕಾವಲಿನಲ್ಲಿ ಹೊಸದಾಗಿ ಎದ್ದ ಉದ್ದನೆಯ ಕಾಂಪೌಂಡು ಗೋಡೆಯ ಬದಿಗೇ ನನ್ನ ಓಟದ ದಾರಿ. ಒಂದು ಬೆಳಿಗ್ಗೆ ಮಂಜು ಸರಿದಾಗ ಹಿಂಡಿಗೆ ಹಿಂಡೇ ಆ ಗೋಡೆಗೆ ಮುಖ ಮಾಡಿ ನಿಂತಿತ್ತು. ಮೇಯುತ್ತಿರಲಿಲ್ಲ, ಮೆಲುಕು ಹಾಕುತ್ತಿರಲಿಲ್ಲ, ಬಾಲವೂ ಅಲ್ಲಾಡುತ್ತಿರಲಿಲ್ಲ. ಕಿವಿ ಮಾತ್ರ ನೆಟ್ಟಗೆ. ಗೋಡೆಯ ಮೇಲೆ ಏನೂ ಇರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನ ಇನ್ನೂ ಹತ್ತಿರ, ಮೂತಿ ಗೋಡೆಗೆ ತಾಗುವಷ್ಟು. ಭಯವಾದಾಗ ಮನುಷ್ಯ ಗಟ್ಟಿಯಾಗಿ ಹಾಡುತ್ತಾನಲ್ಲ, ಹಾಗೆ ನಾನು ಇನ್ನಷ್ಟು ಜೋರಾಗಿ ಕೂಗುತ್ತಾ ಅಲ್ಲಿಂದ ಓಡುತ್ತಿದ್ದೆ.

ಓಟಕ್ಕೆ ಹನ್ನೆರಡು ದಿನ ಇತ್ತು. ಮಂಜಿನಲ್ಲಿ ಕೂಗುತ್ತಾ ತಿರುವು ದಾಟಿದರೆ ಗೋಡೆಯ ಬುಡದಲ್ಲಿ, ದನಗಳ ನಡುವೆ, ಒಬ್ಬ ಹೆಂಗಸು ಎದ್ದು ನಿಂತರು. ಸೆರಗು ತಲೆ ಮೇಲೆ ಎಳೆದುಕೊಂಡು, ಮನೆಗೆ ಬಂದ ಗಂಡನ ಮುಂದೆ ನಿಲ್ಲುವ ಹಾಗೆ. ಅವರ ಮುಖ ಇದ್ದದ್ದು ಗೋಡೆಯ ಕಡೆಗೆ. ನಾನು ನಿಂತುಬಿಟ್ಟೆ. ಅವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಕಿಲಾರಿಯ ಹೆಂಡತಿ. ದನ ಏನು ನೋಡುತ್ತವೆ ಎಂದು ತಾವೇ ಕಾದು ನೋಡಲು ಬಂದಿದ್ದರು.

"ಕೂಗಿದ್ದು ನೀವಾ?" ಅಂದರು.

ಹೌದೆಂದೆ.

"ನಿಮ್ ದನಿ ಗೋಡೆಗೆ ಬಡ್ದು ಗೋಡೆಯಾಗಿಂದ ಬಂದಂಗೆ ಕೇಳ್ತೈತೆ. ಇವು ಅವ್ರನ್ನ ಕಾಯ್ತಾ ನಿಂತಾವೆ. ಅವ್ರು ಬರ್ತಾರೆ ಅಂತ ದಿನಾ ನೀವೇ ಹೇಳ್ತಾ ಇದ್ದೀರಿ. ಇನ್ನ ನನ್ ಮಗನ ಹಿಂದೆ ಯಾಕೆ ಹೋಗ್ತಾವೆ?"

ಸತ್ತವನನ್ನು ನಾಲ್ಕು ತಿಂಗಳು ದನಗಳ ಪಾಲಿಗೆ ಬದುಕಿಸಿಟ್ಟವನು ನಾನು. ಮಗನಿಗೆ ಬುದ್ಧಿ ಹೇಳಿದವನೂ ನಾನೇ. ಇನ್ನೆಂದೂ ಕೂಗಬೇಡಿ, ಮಗನಿಗೆ ಇದು ತಿಳಿಯುವುದೂ ಬೇಡ ಎಂದು ಅವರು ಕೇಳಿಕೊಂಡರು. ತಲೆಯಾಡಿಸಿದೆ.

ಓಟದ ದಿನ ನನ್ನ ಸರದಿ ಬಂದಾಗ ಸೂರ್ಯ ಆಗತಾನೇ ಹುಟ್ಟಿದ್ದ. ಕೂಗಿಲ್ಲದೆ ಉಸಿರು ಕೂಡಲಿಲ್ಲ, ಪಕ್ಕೆ ಹಿಡಿದುಕೊಂಡಿತು, ಒಬ್ಬ ಹುಡುಗಿ ನನ್ನನ್ನು ದಾಟಿ ಹೋದಳು. ಕಿಲಾರಿಯ ಮಗನಿಗೆ ಪಟ್ಟಿ ದಾಟಿಸಬೇಕಿದ್ದ ಗೋಡೆಯ ತಿರುವನ್ನು ಹೇಗೋ ಮುಟ್ಟಿದರೆ ದಾರಿಯೇ ಇರಲಿಲ್ಲ. ಹನ್ನೆರಡು ದಿನ ದನಿ ಕೇಳದೆ ಕಂಗಾಲಾಗಿದ್ದ ದನಗಳು ರೊಪ್ಪ ಮುರಿದು ಬಂದು, ಗೋಡೆಯಿಂದ ದಾರಿಯವರೆಗೂ ತುಂಬಿಕೊಂಡು ನಿಂತಿದ್ದವು. ಎಲ್ಲದರ ಮುಖವೂ ಗೋಡೆಗೆ. ನಡುವೆ ಕಿಲಾರಿಯ ಮಗ ಒಂದೊಂದರ ಕೊರಳು ತಬ್ಬಿ ಎಳೆಯುತ್ತಿದ್ದ. ಓಟಗಾರರು ಮುಳ್ಳುಗಿಡಗಳಲ್ಲಿ ನುಗ್ಗಿ, ಬೈಯುತ್ತಾ ದಾಟುತ್ತಿದ್ದರು. ನೋಡಲು ಬಂದಿದ್ದ ಹಿರಿಯರಿಬ್ಬರು ದೂರದಲ್ಲಿ ಕೈಕಟ್ಟಿ ನಿಂತಿದ್ದರು.

ನಾನು ಒಂದು ಸಲ ಕೂಗಿದ್ದರೆ ದನಗಳು ದಾರಿ ಬಿಡುತ್ತಿದ್ದವು. ಅವನ ಮಾನವೂ ಆ ಹೊತ್ತಿಗೆ ಉಳಿಯುತ್ತಿತ್ತು. ಕೂಗು ಗಂಟಲಿಗೆ ಬಂದು ನಿಂತಿತ್ತು, ಸುಳ್ಳು ಹೇಳುವುದಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಆಗ ಒಂದು ಕ್ಷಣ ದನಗಳೆಲ್ಲ ಒಟ್ಟಿಗೆ ಗೋಡೆ ಬಿಟ್ಟು ನನ್ನ ಕಡೆ ತಿರುಗಿದವು. ಇವತ್ತಿಗೂ ಆ ಕಣ್ಣುಗಳನ್ನು ನೆನೆದರೆ ನಾನು ಎದ್ದು ದೀಪ ಹಾಕುತ್ತೇನೆ.

ಮಗ ಅಳುತ್ತಿದ್ದ. ಅಳುತ್ತಲೇ ಕೂಗಿದ. ಅಪ್ಪನ ಕೂಗಲ್ಲ ಅದು. ದಪ್ಪ ದನಿ, ನಡುವೆ ಒಡೆದು ಅರ್ಧಕ್ಕೇ ನಿಂತಿತು. ಏನೂ ಆಗಲಿಲ್ಲ. ಮತ್ತೆ ಕೂಗಿದ. ಮೂರನೇ ಸಲಕ್ಕೆ ಮುದಿ ಹಸುವೊಂದು ನನ್ನಿಂದ ಕಣ್ಣು ತೆಗೆದು ಅವನ ಕಡೆ ಹೆಜ್ಜೆ ಹಾಕಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅವನು ಬೂಟು ಬಿಚ್ಚಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಕಾವಲಿನೊಳಕ್ಕೆ ನಡೆದ. ಹಿಂಡು ಅವನ ಬೆನ್ನು ಹಿಡಿದು ಹೋಯಿತು. ಹಿರಿಯರು ಕಟ್ಟಿದ್ದ ಕೈ ಬಿಟ್ಟರು.

ಅವನ ಪಾಲಿನ ದಾರಿಯನ್ನೂ ನಾನೇ ಕುಂಟುತ್ತಾ ಓಡಿದೆ. ನಿಯಮಕ್ಕೆ ವಿರುದ್ಧವೆಂದು ನಮ್ಮ ತಂಡವನ್ನು ಲೆಕ್ಕದಿಂದ ತೆಗೆದರು. ಕಾದು ಕಾದು ಕಾಲು ಮರಗಟ್ಟಿದ್ದ ನೇಕಾರ ನನ್ನೊಡನೆ ಎರಡು ವಾರ ಮಾತಾಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಿಲಾರಿಯ ಹೆಂಡತಿ ಅಂಗಡಿಗೆ ಬಂದರು. ಹಿಂಡು ತಮ್ಮ ಮನೆಯಲ್ಲೇ ಉಳಿಯಿತು, ಮಗ ಚೆನ್ನಾಗಿದ್ದಾನೆ ಎಂದರು. ಹೋಗಲಿಲ್ಲ, ನಿಂತೇ ಇದ್ದರು. ಆಮೇಲೆ ಚೀಲಗಳ ಹಿಂದಿನ ಕತ್ತಲೆ ಮೂಲೆಗೆ ತಾವೇ ನಡೆದು ನನಗೆ ಬೆನ್ನು ಮಾಡಿ ನಿಂತು, ಇಲ್ಲಿ ದನ ಇಲ್ಲವಲ್ಲ, ಒಂದು ಸಲ ಕೂಗುತ್ತೀರಾ ಎಂದು ಕೇಳಿದರು.

ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೂಗಿದೆ. ಅವರು ಸೆರಗು ತಲೆಗೆಳೆದುಕೊಂಡರು.

"ಸಾಕು," ಅಂದರು. "ಇನ್ನ ಮರ್ತುಬಿಡ್ರಿ."